ಡುಮ್ಮಿಯ ನಿದ್ದೆ

ಬಾಡಿಗೆ ಮನೆ, ಮೂರನೇ ಮಹಡಿ
ಮಾರ್ಚ್ ಹನ್ನೆರಡು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಸೊಂಟನೋವು ಕಡಿಮೆಯಾಯಿತೇ? ಆ ಭಾರದ ಅಜ್ಜನನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಇನ್ನೊಬ್ಬ ನರ್ಸನ್ನು ಕರೆ ಅಂತ ಹೋದ ಸಲವೇ ಬರೆದಿದ್ದೆ. ನೀನು ಕರೆದಿರುವುದಿಲ್ಲ, ನನಗೆ ಗೊತ್ತು. ನಿಮ್ಮಮ್ಮನ ಹಟವೆಲ್ಲ ಸೋಸಿ ನಿನಗೇ ಇಳಿದಿದೆ. ಸಮುದ್ರದಾಚೆ ಇದ್ದು ಬೇರೆಯವರ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳುವವಳು ಸ್ವಲ್ಪ ನಿನ್ನ ಬೆನ್ನನ್ನೂ ನೋಡಿಕೋ. ನಾನು ಚೆನ್ನಾಗಿದ್ದೇನೆ. ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ. ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣುತ್ತದೆ. ಅಂಗಡಿ ಮುಚ್ಚಿದ ದರ್ಜಿಗೆ ಅದಕ್ಕಿಂತ ಹೆಚ್ಚು ಇನ್ನೇನು ಬೇಕು ಹೇಳು.

ಕೈಯಲ್ಲಿ ಫೋನ್ ಇದ್ದೂ ಅಪ್ಪ ಯಾಕೆ ಕಾಗದ ಬರೆಯುತ್ತಾನೆ ಅಂತ ನಿನಗೆ ನಗು ಬರಬಹುದು. ಈ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವ ಹಾಗೇ ಇಲ್ಲ ಕಣಮ್ಮ. ನಿನ್ನ ಮಗಳು ಡುಮ್ಮಿಯ ಜೊತೆ ಇನ್ನಿಬ್ಬರು ಹುಡುಗಿಯರಿದ್ದಾರೆ, ಅವರೂ ಅದೇ ಸಣ್ಣ ವಿಮಾನದ ಕಂಪನಿಯಲ್ಲಿ ಹೊಸದಾಗಿ ಸೇರಿದ ಪೈಲಟ್‌ಗಳು. ಒಬ್ಬಳು ಬೆಳಕು ಹರಿಯುವ ಮುಂಚೆ ಹೊರಡುವಾಗ ಇನ್ನೊಬ್ಬಳು ಆಗಷ್ಟೇ ಬಂದು ಬೂಟು ಬಿಚ್ಚುತ್ತಿರುತ್ತಾಳೆ. ಯಾವ ಹೊತ್ತಿಗೆ ನೋಡಿದರೂ ಯಾರೋ ಒಬ್ಬರು ಮಲಗಿಯೇ ಇರುತ್ತಾರೆ. ಕರೆಗಂಟೆಯ ತಂತಿ ಕಿತ್ತು ಹಾಕಿದ್ದಾರೆ. ಕುಕ್ಕರ್ ಕೂಗುವ ಹಾಗಿಲ್ಲ, ಎಲ್ಲವನ್ನೂ ಪಾತ್ರೆಯಲ್ಲೇ ಬೇಯಿಸುತ್ತೇನೆ. ಕೆಮ್ಮು ಬಂದರೆ ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಓಡಿ, ಅಲ್ಲಿ ಮನಸಾರೆ ಕೆಮ್ಮಿ ಬರುತ್ತೇನೆ. ಬಂದ ಹೊಸದರಲ್ಲಿ ಕಿಟಕಿಗಳಿಗೆ ಕಪ್ಪು ಬಟ್ಟೆಯ ಪರದೆ ಹೊಲಿದು ಕೊಟ್ಟೆ, ಒಳಗೆ ದಪ್ಪ ಅಸ್ತರು ಹಾಕಿ. ಮೂವರೂ ನನ್ನ ಕೈ ಹಿಡಿದು ಕುಣಿದರು, ಅದೂ ಸದ್ದಿಲ್ಲದೆ. ಹೊಲಿಗೆ ಯಂತ್ರ ಮಾತ್ರ ತರಿಸಬೇಡಿ ತಾತ ಅಂದರು. ಹಾಗಾಗಿ ಅಷ್ಟೂ ಕೈಹೊಲಿಗೆ. ನಾನು ಈ ಕಾಗದ ಬರೆಯುವುದಕ್ಕೆ ಇನ್ನೂ ಒಂದು ಕಾರಣವಿದೆ. ಹೇಳಬೇಕಾದ್ದು ಡುಮ್ಮಿಯ ಕಿವಿಗೆ ಬೀಳಬಾರದು.

ನೀನು ಅಲ್ಲಿಯ ಅಜ್ಜ ಅಜ್ಜಿಯರಿಗೆಲ್ಲ ಅವಳ ಫೋಟೋ ತೋರಿಸಿ, ನನ್ನ ಮಗಳು ಪೈಲಟ್ ಅಂತ ಬೀಗುತ್ತೀಯಂತೆ. ಬೀಗು, ತಪ್ಪೇನಿಲ್ಲ. ಅವಳಪ್ಪ ಹೋದ ಮೇಲೆ ನೀನು ಪಟ್ಟ ಪಾಡಿಗೆ ಅಷ್ಟಾದರೂ ಬೇಡವೇ. ನಮ್ಮ ಕೆಳಗಿನ ಮನೆಯಾಕೆಯೂ ಎದುರಾದಾಗಲೆಲ್ಲ "ಮೊಮ್ಮಗಳು ಪೈಲಟ್ ಅಲ್ವಾ, ನಿಮಗೇನ್ರಿ ಕಮ್ಮಿ" ಅನ್ನುತ್ತಾಳೆ. ಏನು ಕಮ್ಮಿ ಅಂತ ಹೇಳಲು ಕೂತರೆ ಅವಳ ಒಲೆಯ ಮೇಲಿನ ಹಾಲು ಉಕ್ಕಿ ಹೋದೀತು. ಇವಳದು ದೂರದೂರಕ್ಕೆ ಹೋಗುವ ದೊಡ್ಡ ವಿಮಾನವಲ್ಲ. ರೆಕ್ಕೆಗೆ ಫ್ಯಾನು ಕಟ್ಟಿದ ಚಿಕ್ಕದು, ಸಣ್ಣ ಸಣ್ಣ ಊರುಗಳ ನಡುವೆ ದಿನವಿಡೀ ಏರು, ಇಳಿ, ಮತ್ತೆ ಏರು. ಬಾಗಿಲು ಮುಚ್ಚಿ ವಿಮಾನ ಕದಲಿದ ಮೇಲೆಯೇ ಸಂಬಳದ ಲೆಕ್ಕ ಶುರುವಾಗುವುದು. ಮಂಜು ಕವಿದಿದೆ ಅಂತ ಕಾದದ್ದು, ಇಳಿದ ಊರಿನಲ್ಲಿ ಮುಂದಿನ ಸರದಿಗೆ ಬೆಂಚಿನ ಮೇಲೆ ಕೂತದ್ದು, ಯಾವುದೂ ದುಡಿಮೆಯಲ್ಲವಂತೆ. ಅಳತೆ ತೆಗೆದದ್ದಕ್ಕೆ, ಕತ್ತರಿಸಿದ್ದಕ್ಕೆ, ಗುಂಡಿ ಹಚ್ಚಿದ್ದಕ್ಕೆ ಕಾಸಿಲ್ಲ, ಯಂತ್ರ ತುಳಿದಷ್ಟು ಹೊತ್ತಿಗೆ ಮಾತ್ರ ಅಂತ ನನಗೆ ಯಾರಾದರೂ ಹೇಳಿದ್ದರೆ ಎಂದೋ ಅಂಗಡಿಗೆ ಬೀಗ ಜಡಿದು ಬರುತ್ತಿದ್ದೆ.

ಅದನ್ನೂ ಸಹಿಸಬಹುದು. ಸಹಿಸಲಾಗದ್ದು ಹೊತ್ತುಗೊತ್ತಿಲ್ಲದ ಈ ಡ್ಯೂಟಿ. ಈ ವಾರ ನಸುಕಿಗೆ ಏಳಬೇಕು ಅಂತ ಮೈಯನ್ನು ಹೇಗೋ ಒಗ್ಗಿಸಿಕೊಂಡರೆ ಮುಂದಿನ ವಾರ ಸಂಜೆಯ ಪಾಳಿ. ನಡುನಡುವೆ ಸ್ಟ್ಯಾಂಡ್‌ಬೈ ಅಂತ ಬೇರೆ. ಅಂದರೆ ಮನೆಯಲ್ಲೇ ಇರಬೇಕು, ಆದರೆ ಮನೆಯಲ್ಲಿ ಇದ್ದ ಹಾಗೆ ಇರಬಾರದು. ಯಾವನೋ ಬರಲಿಲ್ಲ ಅಂದರೆ ಡ್ಯೂಟಿ ಹಂಚುವವನು ಫೋನ್ ಮಾಡುತ್ತಾನೆ. ಕೂಡಲೇ ಎತ್ತಬೇಕು, ಬರ್ತೀನಿ ಅನ್ನಬೇಕು, ಯೂನಿಫಾರಂ ಏರಿಸಿ ಓಡಬೇಕು. ಎತ್ತದಿದ್ದರೆ ಹೆಸರಿನ ಮುಂದೆ ಕೆಂಪು ಗುರುತು. ಇವಳು ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯುತ್ತಾಳೆ. ಹೋದ ತಿಂಗಳು ಒಂದು ದಿನ ಸೋಫಾದಲ್ಲಿ ಗಾಢ ನಿದ್ದೆಯಲ್ಲಿದ್ದಳು. ಫೋನ್ ಬಂತು. ಎತ್ತಿ, ಸ್ಪಷ್ಟವಾಗಿ, "ಸರಿ ಸರ್, ಬರ್ತೀನಿ ಸರ್" ಅಂದಳು. ನಾನು ಇಸ್ತ್ರಿ ಮಾಡಿದ ಅಂಗಿ ತಂದು ಕುರ್ಚಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಎದ್ದು, ಕಣ್ಣುಜ್ಜಿಕೊಂಡು, "ಇದ್ಯಾಕೆ ತಾತ ಅಂಗಿ ಇಟ್ಟಿದ್ದೀಯ" ಅಂತ ಕೇಳಿದಳು. ತಾನು ಮಾತಾಡಿದ್ದೇ ಅವಳಿಗೆ ಗೊತ್ತಿರಲಿಲ್ಲ. ಆವತ್ತು ನಗಾಡಿದೆವು. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ಅವಳನ್ನು ಡುಮ್ಮಿ ಅಂತ ಕರೆಯಲು ಈಗ ನಾಲಿಗೆ ತಡವರಿಸುತ್ತದೆ. ಬಿದ್ದುಹೋಗುತ್ತಿದ್ದ ಪ್ಯಾಂಟಿನ ಸೊಂಟ ಹಿಡಿಸಿ ಚಿಕ್ಕದು ಮಾಡಿಕೊಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಹಿಡಿಸಬೇಕಾಯಿತು. ಕೋಟಿನ ಭುಜ ಜೋಲುತ್ತದೆ, ಅದನ್ನು ಹಿಡಿಸಲು ಬರುವುದಿಲ್ಲ, ಭುಜವೇ ತುಂಬಿಕೊಳ್ಳಬೇಕು. ಬ್ರೆಡ್ಡು, ಕಾಫಿ, ಮತ್ತೆ ಬ್ರೆಡ್ಡು. ನಾನು ಡಬ್ಬಿಗೆ ಹಾಕಿಕೊಟ್ಟ ಊಟ ಎಷ್ಟೋ ಸಲ ಹಾಗೇ ವಾಪಸು ಬರುತ್ತದೆ. ತಿನ್ನಲು ಹೊತ್ತು ಸಿಗಲಿಲ್ಲ ಅನ್ನುತ್ತಾಳೆ.

ಇನ್ನು ಸುತ್ತಿಬಳಸುವುದಿಲ್ಲ. ಹೋದ ಶುಕ್ರವಾರ ಡ್ಯೂಟಿ ಮುಗಿಸಿ ಬಂದವಳು ಬೂಟು ಕೂಡ ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ನಾನು ತರಕಾರಿ ಹೆಚ್ಚುತ್ತಿದ್ದೆ. ಹಸಿವೇ ಅಂತ ಕೇಳಿದೆ, ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. ಆವತ್ತಿನ ಕೊನೆಯ ಹಾರಾಟ. ವಿಮಾನ ಮೇಲಕ್ಕೇರಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು, ಹೊರಗೆ ಮೋಡದ ಮೇಲೆ ಇಳಿಬಿಸಿಲು, ಒಳಗೆ ಬೆಚ್ಚಗಿತ್ತು. ಅಷ್ಟು ನೆನಪಿದೆಯಂತೆ. ಮುಂದಿನದು ನೆನಪಿರುವುದು ಕಿವಿಯಲ್ಲಿ ಯಾರೋ ತಮ್ಮ ವಿಮಾನದ ನಂಬರು ಹಿಡಿದು ಮತ್ತೆ ಮತ್ತೆ ಕೂಗುತ್ತಿದ್ದದ್ದು. ಕೆಳಗಿನಿಂದ ದಾರಿ ಹೇಳುವವರು. ಧ್ವನಿಯಲ್ಲಿ ಗಾಬರಿ ಇತ್ತಂತೆ. ಕ್ಯಾಪ್ಟನ್ ಯಾಕೆ ಉತ್ತರ ಕೊಡುತ್ತಿಲ್ಲ ಅಂತ ತಿರುಗಿ ನೋಡಿದರೆ ಅವನ ಗಲ್ಲ ಎದೆಗೆ ಒರಗಿತ್ತು. ಅವನೂ ನಾಲ್ಕು ದಿನದಿಂದ ಇವಳ ಜೊತೆಯಲ್ಲೇ ಹಾರುತ್ತಿದ್ದವನು. ಹಿಂದೆ ಜನ ಕೂತು ಕಾಫಿ ಕುಡಿಯುತ್ತಿದ್ದರು. ಮಗು ಒಂದು ಅಳುತ್ತಿತ್ತು. "ಎಷ್ಟು ಹೊತ್ತು ಮಲಗಿದ್ವೋ ಗೊತ್ತಿಲ್ಲ ತಾತ. ಅದೇ ಭಯ. ನಿದ್ದೆ ಬಂದದ್ದೇ ಗೊತ್ತಾಗಲಿಲ್ಲ" ಅಂದಳು.

ನನ್ನ ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಅವಳ ಬೂಟಿನ ದಾರ ಬಿಚ್ಚಿದೆ, ಚಿಕ್ಕವಳಿದ್ದಾಗ ಶಾಲೆಯಿಂದ ಬಂದಾಗ ಬಿಚ್ಚುತ್ತಿದ್ದೆನಲ್ಲ, ಹಾಗೆ. "ಅಮ್ಮಂಗೆ ಹೇಳ್ಬೇಡ, ನನ್ನಾಣೆ" ಅಂದಳು. ಹ್ಞೂಂ ಅಂದೆ. ಆವತ್ತಿನಿಂದ ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ನಿಲ್ಲುತ್ತದೆ, ಸದ್ದು ಪೂರ್ತಿ ದೂರವಾಗುವವರೆಗೆ ಉಸಿರು ಬಿಡುವುದಿಲ್ಲ. ನನಗೆ ಭಯವಾಗುತ್ತಿದೆ ಮಗಳೇ. ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗಲೂ ಇಷ್ಟು ಹೆದರಿರಲಿಲ್ಲ.

ಆಯಾಸವಾಗಿದೆ, ಇವತ್ತು ಹಾರಲಾರೆ ಅನ್ನಬಾರದೇ ಅಂತ ನೀನು ಕೇಳುತ್ತೀಯ. ನಾನೂ ಕೇಳಿದೆ. ಹಾಗೆ ಅನ್ನಬಹುದು, ಅನ್ನಲೇಬೇಕು ಅಂತ ನಿಯಮವೇ ಇದೆಯಂತೆ, ಆಫೀಸಿನ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ್ದಾರಂತೆ. ಆದರೆ ಮೊದಲ ವರ್ಷದವರು ಅನ್ನುವುದಿಲ್ಲ. ವರ್ಷ ತುಂಬುವ ತನಕ ಕಾರಣ ಹೇಳದೆ ಮನೆಗೆ ಕಳಿಸಬಹುದು. ಇದೇ ಮನೆಯ ಹುಡುಗಿ, ನಾವು ಗುಂಗುರು ಕೂದಲಿನವಳು ಅನ್ನುತ್ತೇವೆ, ಚಳಿಗಾಲದಲ್ಲಿ ಒಂದು ಸಲ ಅಂದು ನೋಡಿದಳು. ಯಾರೂ ಬೈಯಲಿಲ್ಲ. ಸಾಹೇಬರು ಒಳಗೆ ಕರೆದು ಕಾಫಿ ತರಿಸಿ, ಮನೆಯಲ್ಲಿ ಏನಾದರೂ ತೊಂದರೆಯೇ, ಈ ಕೆಲಸ ಎಲ್ಲರಿಗೂ ಆಗಿಬರುವುದಿಲ್ಲ ನೋಡಮ್ಮ ಅಂತ ಬಲು ಮೃದುವಾಗಿ ಮಾತಾಡಿದರಂತೆ. ಅದರ ಮುಂದಿನ ತಿಂಗಳು ಅವಳ ಹಾರಾಟಗಳು ಅರ್ಧಕ್ಕಿಳಿದವು, ಸಂಬಳವೂ. ಅಲ್ಲಿಂದಾಚೆ ಎಲ್ಲರೂ ಜಾಣರಾಗಿದ್ದಾರೆ. ಹೊಟ್ಟೆ ಕೆಟ್ಟಿದೆ ಅಂದರೆ ನಂಬುತ್ತಾರೆ, ಆದರೆ ಎಷ್ಟು ಸಲ ಅಂತ ಹೊಟ್ಟೆ ಕೆಡಿಸಿಕೊಳ್ಳುವುದು? ನಿದ್ದೆ ಬರುತ್ತಿದೆ ಅಂದರೆ ಮಾತ್ರ ಪೈಲಟ್ ಆಗಲು ಲಾಯಕ್ಕಿಲ್ಲ ಅಂತ ಅರ್ಥ. ಶುಕ್ರವಾರ ನಡೆದದ್ದನ್ನು ಕ್ಯಾಪ್ಟನ್ನೂ ಬರೆದು ಕೊಟ್ಟಿಲ್ಲ, ಇವಳೂ ಕೊಟ್ಟಿಲ್ಲ. ರೇಡಿಯೋ ಕೆಟ್ಟಿತ್ತು ಅಂದರಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಇಳಿದು ಬಂದರಂತೆ.

ಇವತ್ತಿನ ವಿಷಯ ಹೇಳುತ್ತೇನೆ. ಬೆಳಗ್ಗೆ ಬಂದಳು. ಬಾಗಿಲಲ್ಲಿ ನಿಂತು ಬೀಗದ ಕೈ ಬದಲು ಕುತ್ತಿಗೆಯ ಗುರುತಿನ ಚೀಟಿಯನ್ನು ಬೀಗಕ್ಕೆ ತೂರಿಸಲು ಒದ್ದಾಡುತ್ತಿದ್ದಳು. ನಾನೇ ತೆಗೆದೆ. ಇವತ್ತು ರಜೆ ಅಂತಿತ್ತು, ಅದನ್ನು ಸ್ಟ್ಯಾಂಡ್‌ಬೈ ಮಾಡಿದ್ದಾರೆ ಅಂದಳು. ಕರೆಯಲಿಕ್ಕಿಲ್ಲ ತಾತ, ಕರೆದರೂ ಒಂದೇ ಸುತ್ತು ಅಂತ ನನಗೇ ಸಮಾಧಾನ ಹೇಳಿ, ಅಂಗಿ ಕೂಡ ಬದಲಿಸದೆ ಮಲಗಿದಳು. ಫೋನು ಅಂಗೈಯಲ್ಲಿದೆ. ನಾನು ಬಾಗಿಲಿನಿಂದ ಇಣುಕಿ ನೋಡಿ ಬಂದೆ. ನಿದ್ದೆಯಲ್ಲೂ ಹುಬ್ಬು ಗಂಟಿಕ್ಕಿಕೊಂಡಿದ್ದಾಳೆ. ಆ ಫೋನು ಬಡಿದುಕೊಂಡರೆ ಇವಳು ಕಣ್ಣು ಮುಚ್ಚಿಕೊಂಡೇ ಬರ್ತೀನಿ ಸರ್ ಅನ್ನುತ್ತಾಳೆ, ನಾನು ಇಸ್ತ್ರಿ ಮಾಡಿದ ಅಂಗಿ ಕೊಟ್ಟು ಕಳಿಸಬೇಕು. ಇದೇ ಯೋಚನೆಯಲ್ಲಿ ಮಧ್ಯಾಹ್ನದಿಂದ ಈ ಮೇಜಿನ ಮುಂದೆ ಕೂತಿದ್ದೇನೆ.

ನನ್ನ ಮಾತು ಅವಳು ಕೇಳುವುದಿಲ್ಲ. ನಿನ್ನದು ಕೇಳಿಯಾಳು. ಕೆಲಸ ಹೋದರೂ ಚಿಂತೆಯಿಲ್ಲ, ಮೈಗಾಗದ ದಿನ ಹಾರಬೇಡ ಅಂತ ಒಂದು ಮಾತು ನೀನು ಹೇಳಬೇಕು. ಇದು ಸಣ್ಣ ಮಾತಲ್ಲ ಅಂತ ನನಗೆ ಗೊತ್ತಿದೆ. ನೀನು ಅಲ್ಲಿ ಯಾರ್ಯಾರನ್ನೋ ಎತ್ತಿ, ತೊಳೆದು, ತಿನ್ನಿಸಿ ಬೆನ್ನು ಮುರಿದುಕೊಂಡದ್ದೆಲ್ಲ ಇವಳು ಆ ಸೀಟಿನಲ್ಲಿ ಕೂರಲಿ ಅಂತ. ಅವಳು ಬಾಯಿ ಬಿಡದಿರುವುದೂ ಅದಕ್ಕೇ. "ಅಮ್ಮ ಅಲ್ಲಿ ಮಲಗದೆ ದುಡೀತಿದ್ದಾಳೆ, ನಾನು ನಿದ್ದೆ ಬಂತು ಅನ್ಲಾ" ಅಂತ ನನ್ನನ್ನೇ ಕೇಳಿದಳು. ಇದಕ್ಕೆ ಉತ್ತರ ನೀನೇ ಬೇಗ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ನಿನ್ನ ಜೊತೆಯ ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನೀವಿಬ್ಬರೂ, ನೀನೂ ನಿನ್ನ ಮಗಳೂ, ನೂರು ಕಾಲ ನೆಮ್ಮದಿಯಾಗಿ ನಿದ್ದೆ ಮಾಡಿ, ಈ ಮುದುಕ ಬೇಡಿಕೊಳ್ಳುವುದು ಈಗ ಇಷ್ಟನ್ನೇ.

ನಿನ್ನ ಅಪ್ಪ

ಮರೆಯುವ ಮುನ್ನ: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಷ್ಟರಲ್ಲಿ ಫೋನ್ ಬಂತು. ಅವಳ ಕೈಯಿಂದ ಜಾರಿ ಕಿವಿಯ ಪಕ್ಕದಲ್ಲೇ ಬಿದ್ದು ಬಡಿದುಕೊಂಡರೂ ಅವಳು ಮಿಸುಕಲಿಲ್ಲ. ನಿಂತು, ಮತ್ತೆ ಬಡಿದುಕೊಂಡಿತು. ನಾನು ಎತ್ತಿಕೊಂಡು ಮೆಟ್ಟಿಲಿಗೆ ಹೋದೆ. ಡ್ಯೂಟಿ ಹಂಚುವವನು, ಪಾಪ, ಚಿಕ್ಕ ಹುಡುಗನ ಧ್ವನಿ. ಸಂಜೆಯ ವಿಮಾನಕ್ಕೆ ಬರಬೇಕು ಅಂದ. ನಾನು ಅವಳ ತಾತ, ಅವಳಿಗೆ ಹಾರುವಷ್ಟು ತ್ರಾಣವಿಲ್ಲ, ನಿದ್ದೆ ಸಾಲದು, ನಾನು ಎಬ್ಬಿಸುವುದಿಲ್ಲ ಅಂದೆ. ಅವನು "ಹೊಟ್ಟೆನೋವು ಅಂತ ಬರ್ಕೊಳ್ಲಾ ತಾತ" ಅಂತ ಮೆಲ್ಲಗೆ ಕೇಳಿದ. ಬೇಡಪ್ಪ, ನಿದ್ದೆ ಅಂತಲೇ ಬರ್ಕೋ ಅಂದೆ. ಬರೆದುಕೊಂಡ. ಇದು ನಿನ್ನ ಕೈ ಸೇರುವಷ್ಟರಲ್ಲಿ ಡುಮ್ಮಿಗೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಬೈಯುವುದಿದ್ದರೆ ನನ್ನನ್ನು ಬೈ. ಅವಳಿಗಿನ್ನೂ ಏನೂ ಗೊತ್ತಿಲ್ಲ, ಮಲಗಿದ್ದಾಳೆ.