ಅಂಟು ಹೋಗುವ ರೋಗ

ಫೆಬ್ರವರಿ 18, 2025

ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ಸಾಲು ಸಾಲು ಗುಳಿಯ ಪ್ಲೇಟ್ ತೊಳೆದದ್ದೇ ಕೆಲಸ. ತೊಳೆ, ಚೆಲ್ಲು, ಟಿಶ್ಯೂ ಮೇಲೆ ಬಡಿ, ಮತ್ತೆ ತೊಳೆ. ಪಿಎಚ್.ಡಿ. ಅಂದರೆ ಪಾತ್ರೆ ತೊಳೆಯುವುದು ಎಂದು ಚೈತನ್ಯಾಗೆ ಸೇರಿದ ದಿನವೇ ಹೇಳಿದ್ದೆ. ಈಗಲೂ ನಗುತ್ತಾಳೆ. ಒಳ್ಳೆಯ ಹುಡುಗಿ, ಕೆಲಸ ಚೊಕ್ಕ.

ಹೋಲಿಕೆಗೆ ಇಡುವ ಹಳೆಯ ನಾರ್ಮಲ್ ಸೀರಂ, ಅಂದರೆ ರಕ್ತದ ತಿಳಿ, ಮುಗಿಯಿತು. ಆರೋಗ್ಯವಂತರ ರಕ್ತ ಹುಡುಕಿಕೊಂಡು ಮಣಿಪಾಲದ ಬೀದಿಗಿಳಿಯುವುದಕ್ಕಾಗುತ್ತದೆಯೇ? ಯಾವಾಗಿನಂತೆ ನಾವೇ ತೋಳು ಚಾಚಿದೆವು — ನಾನು, ಚೈತನ್ಯಾ, ಮೂವರು ಪಿ.ಜಿ. ವಿದ್ಯಾರ್ಥಿಗಳು. ಎಲ್ಲರದ್ದೂ ಸ್ವಲ್ಪ ಸ್ವಲ್ಪ ಒಂದೇ ಟ್ಯೂಬಿನಲ್ಲಿ ಬೆರೆಸಿ ‘ನಾರ್ಮಲ್’ ಎಂದು ಚೀಟಿ ಅಂಟಿಸಿದ್ದಾಯಿತು. ಉಳಿದದ್ದು ಬೇರೆ ಬೇರೆಯಾಗಿ ಫ್ರೀಜರಿಗೆ. ರೋಗಿಗಳ ರಕ್ತ ಬಿದ್ದ ಗುಳಿ ಹಳದಿಯಾಗಬೇಕು, ನಮ್ಮದು ನೀರಿನ ಹಾಗೆಯೇ ಉಳಿಯಬೇಕು. ಹನ್ನೆರಡು ವರ್ಷದ ಸಂಶೋಧನೆ ಅಂದರೆ ಇಷ್ಟೇ. ಕಾಪುವಿನಲ್ಲೋ ಕಾರ್ಕಳದಲ್ಲೋ ಒಂದು ಸಣ್ಣ ಆಸ್ಪತ್ರೆಯಲ್ಲಿ ಈ ಟೆಸ್ಟ್ ಮಾಡುವಂತಾದರೆ, ಪೆಂಫಿಗಸ್ ಎಂಬ ಗುಳ್ಳೆಯ ರೋಗ ಇದ್ದವರು ಗೊತ್ತಾಗದೆ ತಿಂಗಳುಗಟ್ಟಲೆ ಕೊಳೆಯುವುದು ತಪ್ಪುತ್ತದೆ.

ಕ್ಯಾಂಟೀನಿನ ಚಹಾಕ್ಕೆ ಬಾಯಿ ಉರಿದುಹೋಯಿತು. ಕೆನ್ನೆಯ ಒಳಗೆ ಹುಣ್ಣು, ಕ್ರಿಸ್‌ಮಸ್‌ ರಜೆಯಿಂದ ಬಂದದ್ದು ಹೋಗುತ್ತಲೇ ಇಲ್ಲ. ನಿದ್ದೆ ಇಲ್ಲ, ಸೆಕೆ ಬೇರೆ... ಉಷ್ಣ.

ಫೆಬ್ರವರಿ 26

ಒಪಿಡಿ. ಕಾಪುವಿನಿಂದ ರತ್ನಾವತಿ ಎಂಬವರು ಬಂದಿದ್ದರು. ಮೀನು ಮಾರುವವರು. ಬೆನ್ನೆಲ್ಲ ಗುಳ್ಳೆ ಒಡೆದು ಹಸಿಯಾಗಿದೆ, ರವಕೆ ಅದಕ್ಕೆ ಹಿಡಿದುಕೊಂಡಿದೆ. ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಅವರು ಕೂಗಲಿಲ್ಲ. ಕೂಗುವುದಕ್ಕೂ ಬಾಯಿ ತೆರೆಯಬೇಕಲ್ಲ. ಒಳಗೆಲ್ಲ ಹುಣ್ಣು.

“ಬಾಯಿಯದ್ದು ಯಾವಾಗಿನಿಂದ?”

“ಮಳೆಗಾಲಕ್ಕಿಂತ ಮೊದಲೇ ಶುರು ಆದದ್ದು ಡಾಕ್ಟ್ರೇ. ಉಷ್ಣ ಅಂತ ಎಳೆ ಬೊಂಡದ ನೀರು ಕುಡಿದೆ. ತಿಮರೆ ಸೊಪ್ಪಿನ ಚಟ್ನಿ ತಿಂದೆ.”

“ಇಷ್ಟು ತಿಂಗಳು ಉಷ್ಣವಾ? ಹುಣ್ಣು ಮೂರು ವಾರದಲ್ಲಿ ಹೋಗದಿದ್ದರೆ ತೋರಿಸಬೇಕು ಅಂತ ಗೊತ್ತಾಗುವುದಿಲ್ವಾ ನಿಮಗೆ?”

ಜೋರಾಗಿಯೇ ಹೇಳಿದೆ. ಹೊರಗೆ ಕೂತವರೂ ತಿರುಗಿ ನೋಡಿದರು. ಈ ಊರಿನವರಿಗೆ ಆ ಒಂದು ಪದ ಸಿಕ್ಕಿದರೆ ಸಾಕು, ಕಣ್ಣು ಉರಿದರೂ ಉಷ್ಣ, ಕೂದಲು ಉದುರಿದರೂ ಉಷ್ಣ. ನನ್ನ ಅರ್ಧ ಆಯುಷ್ಯ ಈ ಪದದ ಜೊತೆ ಜಗಳದಲ್ಲೇ ಹೋಯಿತು.

“ಇದು ಅಂಟುತ್ತದಾ ಡಾಕ್ಟ್ರೇ? ನನ್ನ ಬುಟ್ಟಿಯ ಮೀನನ್ನು ಯಾರೂ ಮುಟ್ಟುವುದಿಲ್ಲ.”

ಎಲ್ಲರಿಗೂ ಹೇಳುವುದನ್ನೇ ಹೇಳಿದೆ. “ಅಂಟುವ ರೋಗ ಅಲ್ಲ ರತ್ನಾವತಿಯಕ್ಕ, ಅಂಟು ಹೋಗುವ ರೋಗ. ಚರ್ಮವನ್ನು ಒಟ್ಟಿಗೆ ಹಿಡಿದುಕೊಳ್ಳುವ ಒಂದು ಅಂಟು ಉಂಟು. ನಮ್ಮ ರಕ್ತವೇ ಅದನ್ನು ವೈರಿ ಅಂತ ತಿಳಿದು ಬಿಡಿಸಿಹಾಕುತ್ತದೆ.” ಈ ಮಾತು ನಾನೇ ಕಟ್ಟಿದ್ದು. ಪ್ರತಿ ಸಲ ಹೇಳುವಾಗ ಒಳಗೊಳಗೆ ಸ್ವಲ್ಪ ಹೆಮ್ಮೆ. ಅಡ್ಮಿಟ್ ಮಾಡಿಸಿ ಲ್ಯಾಬಿಗೆ ಓಡಿದೆ.

ಮಾರ್ಚ್ 7, ಸಂಜೆ

ನಾರ್ಮಲ್ ಸಾಲು ಹಳದಿ.

ಇಡೀ ಸಾಲು. ಕೊನೆಗೆ ಹಾಕುವ ಆಸಿಡ್ ಬಿದ್ದದ್ದೇ ಗುಳಿಗಳ ನೀಲಿ ಹೋಗಿ, ಅರಸಿನ ನೀರಿನ ಹಾಗೆ... ರೋಗಿಗಳ ಸಾಲಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಚೈತನ್ಯಾ ಪ್ಲೇಟ್ ಎತ್ತಿ ಬೆಳಕಿಗೆ ಹಿಡಿದಳು. ಈ ತಿಂಗಳ ಕೊನೆಗೆ ರಿವ್ಯೂ ಕಮಿಟಿ. ಅಲ್ಲಿ ಫಲಿತಾಂಶ ತೋರಿಸದಿದ್ದರೆ ಪ್ರಾಜೆಕ್ಟ್ ಮುಚ್ಚುತ್ತದೆ. ಅವಳ ಥೀಸಿಸ್ಸೂ ಅದರ ಜೊತೆಗೇ.

“ತೊಳೆದದ್ದು ಸಾಲಲಿಲ್ಲ ನೀನು,” ಎಂದೆ.

“ತೊಳೆದಿದ್ದೇನೆ ಮ್ಯಾಮ್. ಯಾವಾಗಿನ ಹಾಗೆಯೇ.”

ನಾಳೆ ಮತ್ತೊಮ್ಮೆ.

ಮಾರ್ಚ್ 8

ಹಳದಿ.

ಮಾರ್ಚ್ 9, ಭಾನುವಾರ — ಕಟಪಾಡಿ, ಮನೆ

ಅಪರೂಪಕ್ಕೆ ರಜೆ. ಜಿತೇಶ್ ತಮ್ಮ ಅಂಗಡಿಯಿಂದ ಬರುವಾಗ ಮಟ್ಟುಗುಳ್ಳ ಬದನೆ ತಂದಿದ್ದರು, ಹುಳಿ ಮಾಡಿದ್ದೂ ಅವರೇ. ಗಂಡನ ಕೈಯ ಹುಳಿ, ನನಗೆ ಪ್ರಾಣ ಅದು. ಒಂದು ತುತ್ತು ಇಟ್ಟೆ — ಕಣ್ಣಲ್ಲಿ ನೀರು ಬಂತು.

“ಎಂತ, ಖಾರ ಜಾಸ್ತಿ ಆಯ್ತಾ?”

“ಇಲ್ಲ ಮಾರಾಯ್ರೆ, ಬಾಯಿ ಉಷ್ಣ.”

ಮೊಸರನ್ನ ಕಲಸಿಕೊಟ್ಟರು. ಕಾರ್ಕಳದಿಂದ ಅಮ್ಮನ ಫೋನ್. ಬೊಂಡ ಕುಡಿ, ಜೀರಿಗೆ ನೀರು ಕುಡಿ, ತಲೆಗೆ ಎಣ್ಣೆ ಹಾಕು, ಆ ಲ್ಯಾಬಿನಲ್ಲಿ ಸಾಯಬೇಡ. ಕೊನೆಯ ಮಾತು ಬಿಟ್ಟು ಉಳಿದದ್ದಕ್ಕೆಲ್ಲ ಹೂಂ ಎಂದೆ.

ತಲೆಯೊಳಗೆ ಪ್ಲೇಟ್ ಓಡುತ್ತಿದೆ. ತೊಳೆಯುವ ಬಫರ್ ಹೊಸದು. ಕಿಟ್ ಹೊಸದು. ಹಾಗಾದರೆ ಟ್ಯೂಬು. ರೋಗಿಯ ಸೀರಂ ಅನ್ನು ನಾರ್ಮಲ್ ಟ್ಯೂಬಿಗೆ ಹಾಕಿದ್ದಾಳೆ ಆ ಹುಡುಗಿ. ಬೇರೆ ದಾರಿಯೇ ಇಲ್ಲ.

ಮಾರ್ಚ್ 13

ರತ್ನಾವತಿಯವರಿಗೆ ಇನ್ಫೆಕ್ಷನ್ ಏರಿದೆ. ಬೆಡ್‌ಶೀಟಿಗೆ ಚರ್ಮ ಹಿಡಿಯುತ್ತದೆ ಎಂದು ಬಾಳೆ ಎಲೆ ಹಾಸಿ ಮಲಗಿಸಿದ್ದೇವೆ. ಈಗಲೂ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಅವರ ಮಗಳು ದಿನಾ ಬಸ್ಸಿನಲ್ಲಿ ಹಸಿ ಎಲೆ ಹೊತ್ತು ತರುತ್ತಾಳೆ.

“ಊಟದ ಎಲೆಯಲ್ಲಿ ನನ್ನನ್ನೇ ಬಡಿಸಿಟ್ಟಿದ್ದೀರಲ್ಲ ಡಾಕ್ಟ್ರೇ,” ಎಂದರು. ನಗಲು ಹೋಗಿ ತುಟಿ ಒಡೆದು ರಕ್ತ ಬಂತು.

ನಾನೂ ನಕ್ಕೆ. ನನಗೂ ಉರಿಯಿತು.

ಎಂಟು ತಿಂಗಳ ಹಿಂದೆ ಬಂದಿದ್ದರೆ ಒಂದು ಹಿಡಿ ಮಾತ್ರೆಯಲ್ಲಿ ಮುಗಿಯುತ್ತಿತ್ತು. ಇದಕ್ಕೇ ಅಲ್ಲವೇ ಆ ಟೆಸ್ಟು? ಆ ದರಿದ್ರ ಸಾಲೊಂದು ಸರಿ ಬಂದಿದ್ದರೆ...

ಮಾರ್ಚ್ 20

ಇವತ್ತೂ ಹಳದಿ. ವಿಠಲ ಸರ್ ಛೇಂಬರಿಗೆ ಕರೆದರು. ನಮ್ಮ ಹೆಡ್. ದನಿ ಎತ್ತರಿಸುವವರಲ್ಲ. ಅದೇ ಹೆದರಿಕೆ.

“ಕುಶಲಾ, ಆರೋಗ್ಯ ಇದ್ದವರಿಗೂ ಪಾಸಿಟಿವ್ ತೋರಿಸುವ ಟೆಸ್ಟಿಗೆ ಎಂತ ಅರ್ಥ ಉಂಟು?”

“ಟೆಸ್ಟ್ ಸರಿಯಾಗಿದೆ ಸರ್. ಸೀರಂ ಕೆಟ್ಟದ್ದು. ಚೈತನ್ಯಾ ಟ್ಯೂಬ್ ಅದಲು ಬದಲು ಮಾಡಿದ್ದಾಳೆ.”

ಹೇಳಿಬಿಟ್ಟೆ. ಕಂಡದ್ದಲ್ಲ, ಸಾಕ್ಷಿ ಇಲ್ಲ. ಆದರೂ ಹನ್ನೆರಡು ವರ್ಷ ಕೆಟ್ಟಿತು ಎನ್ನುವುದಕ್ಕಿಂತ ಒಂದು ಹುಡುಗಿ ಕೆಟ್ಟಳು ಎನ್ನುವುದು ಸುಲಭ.

“ಹಾಗಾದರೆ ಅವಳು ಈ ಕೆಲಸದಲ್ಲಿ ಬೇಡ,” ಎಂದರು ಸರ್. “ರಿವ್ಯೂ ಮುಗಿಯಲಿ. ಪಿಎಚ್.ಡಿ. ರಿಜಿಸ್ಟ್ರೇಷನ್ ವಿಷಯ ಆಮೇಲೆ ನೋಡುವ.”

ಚೈತನ್ಯಾ ಕಾರಿಡಾರಿನಲ್ಲಿದ್ದಳು. ಅವಳಿಗೆ ಗೊತ್ತಾಗಿತ್ತು. ಲ್ಯಾಬ್ ಕೋಟ್ ಮಡಚಿ ನನ್ನ ಟೇಬಲ್ ಮೇಲೆ ಇಟ್ಟು ಹೋದಳು.

ಊಟ ಸೇರಲಿಲ್ಲ. ಗಂಜಿಯೂ ಉರಿ.

ಮಾರ್ಚ್ 28

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಮಧ್ಯಾಹ್ನ ಚೈತನ್ಯಾ ಬಂದಳು. ಬಾಗಿಲಲ್ಲೇ ನಿಂತಳು.

“ಮ್ಯಾಮ್, ಬೈಯಬೇಡಿ. ನಿಮಗೆ ಹೇಳದೆ ಒಂದು ಕೆಲಸ ಮಾಡಿದೆ. ಬೆರೆಸಿದ್ದನ್ನು ಬಿಟ್ಟೆ. ಫ್ರೀಜರಿನಲ್ಲಿ ಎಲ್ಲರದ್ದೂ ಬೇರೆ ಬೇರೆ ಇತ್ತಲ್ಲ, ಒಬ್ಬೊಬ್ಬರದ್ದಾಗಿ ಹಾಕಿದೆ.”

“ಯಾರ ಪರ್ಮಿಷನ್ ತೆಗೊಂಡೆ?”

“ಯಾರದ್ದೂ ಇಲ್ಲ. ಕಳ್ಳಿ ಆಗಿ ಹೋಗುವುದಕ್ಕೆ ನನಗೆ ಮನಸ್ಸಿರಲಿಲ್ಲ, ಅದಕ್ಕೆ.” ಕಣ್ಣು ಬಾತಿತ್ತು. “ನನ್ನದು ನೀರಿನ ಹಾಗೆ ಉಂಟು ಮ್ಯಾಮ್. ಪಿ.ಜಿ.ಗಳದ್ದೂ ಹಾಗೆಯೇ. ಮೂವರದ್ದೂ.”

ಐದರಲ್ಲಿ ಉಳಿದದ್ದು ಒಂದೇ, ನನ್ನದು.

ನನ್ನ ಬಾಯಿಂದ ಮೊದಲು ಬಂದ ಮಾತು — ನಾಚಿಕೆಯಾಗುತ್ತದೆ — “ನನ್ನ ಟ್ಯೂಬನ್ನೂ ಅದಲು ಬದಲು ಮಾಡಿದೆಯಾ?”

“ಇಲ್ಲ ಮ್ಯಾಮ್. ಈಗಲೇ ಹೊಸ ರಕ್ತ ಕೊಡಿ. ನೀವೇ ಹಾಕಿ, ನೀವೇ ತೊಳೆಯಿರಿ. ನಾನು ಮುಟ್ಟುವುದೇ ಇಲ್ಲ.”

ತೋಳು ಚಾಚಿದೆ. ನಾನೇ ಹಾಕಿದೆ. ನಾನೇ ತೊಳೆದೆ, ಚೆಲ್ಲಿದೆ, ಬಡಿದೆ. ಅವಳು ಕೈ ಹಿಂದೆ ಕಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ಕೊನೆಗೆ ಆಸಿಡ್ —

ಹಳದಿ. ನಾನು ನೋಡಿದ ಹಳದಿಗಳಲ್ಲೆಲ್ಲ ದಟ್ಟವಾದದ್ದು.

ಅವಳು ಬಂದು ಭುಜ ಹಿಡಿದಳು. ಅಮ್ಮ ಹಿಡಿಯುವ ಹಾಗೆ. ನಾನು ಕಳ್ಳಿ ಮಾಡಿದ ಹುಡುಗಿ.

ಮಾರ್ಚ್ 29

ಬೆಳಿಗ್ಗೆ ಬಚ್ಚಲ ಕನ್ನಡಿಯ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಿಡಿದು ಬಾಯಿ ತೆರೆದೆ. ದಿನಾ ಎಷ್ಟೋ ಬಾಯಿ ತೆರೆಸುತ್ತೇನೆ, ನನ್ನದನ್ನು ಒಮ್ಮೆಯೂ ನೋಡಿರಲಿಲ್ಲ. ಎರಡೂ ಕೆನ್ನೆ, ಅಂಗುಳ, ವಸಡು. ಪಾಠ ಮಾಡುವಾಗ ಸ್ಲೈಡಿನಲ್ಲಿ ತೋರಿಸುವ ಪೆಂಫಿಗಸ್ ಚಿತ್ರವೇ. ಪಿ.ಜಿ. ಪರೀಕ್ಷೆಯಲ್ಲಿ ಇದನ್ನು ಗುರುತಿಸದಿದ್ದರೆ ಫೇಲ್ ಮಾಡುತ್ತೇನೆ ನಾನು.

ಉಷ್ಣವಂತೆ, ಉಷ್ಣ! ಥೂ.

ಬಯಾಪ್ಸಿ ಕೊಟ್ಟೆ. ಕೊಡಬೇಕಾಗಿಯೇ ಇರಲಿಲ್ಲ. ವಿಠಲ ಸರ್ ಛೇಂಬರಿಗೆ ಹೋಗಿ ನಿಂತುಕೊಂಡೇ ಹೇಳಿದೆ. ಚೈತನ್ಯಾಳದ್ದು ಏನೂ ತಪ್ಪಿಲ್ಲ, ಸುಳ್ಳು ಹೇಳಿದ್ದು ನಾನು, ಟ್ಯೂಬಿನಲ್ಲಿದ್ದ ರೋಗಿಯೂ ನಾನು. ಸರ್ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. “ಕೂತುಕೊಳ್ಳಿ ಕುಶಲಾ,” ಎಂದರು. ಈವರೆಗೆ ಏಕವಚನವಿತ್ತು. ಆ ಬಹುವಚನ ಕೇಳಿ ಕೂತೆ. ಇನ್ನು ನಾನು ಪೇಷೆಂಟ್.

ಮಾರ್ಚ್ 31

ರಿವ್ಯೂ ಆಯಿತು. ನನ್ನ ರಕ್ತ ಬಿಟ್ಟು ಹೊಸ ನಾರ್ಮಲ್ ಹಾಕಿದರೆ ಸಾಲು ನೀರು. ಚೈತನ್ಯಾಳೇ ಹೇಳಿದಳು, ನಾನು ಹಿಂದೆ ಕೂತಿದ್ದೆ. ಕಮಿಟಿಯಲ್ಲೊಬ್ಬರು ಕೇಳಿದರು — ರೋಗ ಇದೆ ಎಂದೇ ಗೊತ್ತಿಲ್ಲದವರಲ್ಲಿ ಇದು ಹಿಡಿದುಕೊಟ್ಟದ್ದು ಉಂಟಾ? ಅವಳು ನನ್ನ ಕಡೆ ನೋಡಲಿಲ್ಲ. “ಒಬ್ಬರಲ್ಲಿ ಉಂಟು ಸರ್,” ಎಂದಳು.

ಪ್ರಾಜೆಕ್ಟ್ ಉಳಿಯಿತು. ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹೊರಗೆ ಬಂದರೆ ವಾರ್ಡಿನಿಂದ ಫೋನ್. ರತ್ನಾವತಿಯಕ್ಕ ಬೆಳಿಗ್ಗೆಯೇ ಹೋದರಂತೆ. ಮಗಳು ಎಲೆ ತಂದಿದ್ದಳಂತೆ, ಇವತ್ತಿನದ್ದು. ಕಟ್ಟು ಬಿಚ್ಚದೆ ಅಲ್ಲೇ ಇದೆಯಂತೆ.

ಅವರಿಗೆ ಬೈದ ಮಾತೇ ಕಿವಿಯಲ್ಲಿ. ಗೊತ್ತಾಗುವುದಿಲ್ವಾ ನಿಮಗೆ?

ಏಪ್ರಿಲ್ 3, ಸಂಜೆ

ಎದೆಯ ಮೇಲೆ ಮೊದಲ ಗುಳ್ಳೆ. ಸ್ನಾನ ಮಾಡುವಾಗ ಕಂಡಿತು. ಬೆರಳಿಟ್ಟು ಒತ್ತಿದೆ, ಪಕ್ಕದ ಚರ್ಮದಡಿಗೆ ಜಾರಿತು. ರೋಗಿಗಳ ಮೈಮೇಲೆ ಹೀಗೆ ಒತ್ತಿ, ಜಾರಿತು ನೋಡಿ, ಇದೇ ಗುರುತು ಎಂದು ಪಿ.ಜಿ.ಗಳಿಗೆ ತೋರಿಸುತ್ತಿದ್ದೆ. ನೋವಾಗುತ್ತದೆ ಎಂದು ಇವತ್ತು ಗೊತ್ತಾಯಿತು.

ಮಾತ್ರೆ ಶುರುವಾಗಿದೆ. ಮುಖ ಊದಬಹುದು, ಮೂಳೆ ಸವೆಯಬಹುದು. ಎಲ್ಲ ಬಾಯಿಪಾಠ. ಹೆದರಿಕೆ ಮಾತ್ರ ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಹೆದರುತ್ತಿದ್ದೇನೆ. ತುಂಬ.

ಜಿತೇಶ್‌ಗೆ ಈವರೆಗೆ ಹೇಳಿರಲಿಲ್ಲ. ಈಗಷ್ಟೇ ಹೇಳಿದೆ, ಅಂಗಡಿಯಿಂದ ಬಂದವರಿಗೆ ನೀರು ಕೊಡುತ್ತಾ. ಲೋಟ ಕೆಳಗಿಟ್ಟರು. ಹೆಬ್ಬಾಗಿಲ ಹತ್ತಿರವೇ ಕೂತರು. ಆಮೇಲೆ ನನ್ನ ಕೈ ಹಿಡಿಯಲು ಬಂದವರು ಅರ್ಧದಲ್ಲೇ ನಿಂತು, ಮೆಲ್ಲಗೆ ಕೇಳಿದರು:

“ಅಂಟುತ್ತದಾ ಕುಶಲಾ?”

ಎಷ್ಟು ಜನರಿಗೆ ಹೇಳಿದ ಮಾತು. ನನ್ನದೇ ಮಾತು. ಒಳಗೆ ಬಂದು ಬರೆಯುತ್ತಾ ಕೂತಿದ್ದೇನೆ, ಇಲ್ಲಿ ಒಮ್ಮೆ ಬರೆದುಕೊಂಡರೆ ಹೊರಗೆ ಹೋಗಿ ಹೇಳಲು ಬಾಯಿ ಬಂದೀತು ಎಂದು. ಅವರಿನ್ನೂ ಅಲ್ಲೇ ಕೂತಿದ್ದಾರೆ. ಇಲ್ಲ ಮಾರಾಯ್ರೆ, ಇದು ಅಂಟುವ ರೋಗ ಅಲ್ಲ, ಅಂಟು —