ಮಾತುಕತೆಯ ಮೈದಾನದಲ್ಲಿ ಹಾವು

ಗುರುವಾರ, ಬೆಳಿಗ್ಗೆ

ತಮ್ಮಾ,

ನಿನ್ನ ಕ್ಷೇಮ ಕೇಳುವಷ್ಟು ಸಮಾಧಾನ ನನಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಿನ್ನೆ ನಿಮ್ಮ ಸೇನಾ ಕಚೇರಿಯ ಜೀಪು ನಮ್ಮ ಮನೆ ಮುಂದೆ ನಿಂತಿತು. ಇಬ್ಬರು ಒಳಗೆ ಬಂದು, ನನ್ನ ಮಗನಿಗೆ ಶೌರ್ಯ ಪದಕ ಬಂದಿದೆ ಎಂದು ಕಾಗದ ಕೊಟ್ಟರು. ಕೆಳಗೆ ನಿನ್ನ ಸಹಿ. ಕದನವಿರಾಮದ ಮಾತುಕತೆಯ ದಿನ ಶತ್ರುವಿನ ಮೋಸವನ್ನು ಮೊದಲು ಕಂಡು ಗುಂಡು ಹಾರಿಸಿದ್ದಕ್ಕಂತೆ! ಓದಿ ಮೈಯೆಲ್ಲ ಉರಿದುಹೋಯಿತು.

ಅವನು ಹಾರಿಸಿದ್ದು ಹಾವಿಗೆ. ಹುಲ್ಲಿನಲ್ಲಿ, ಕಾಲ ಬಳಿಯೇ ಹೆಡೆಯೆತ್ತಿದ ಹಾವಿಗೆ. ತೋಳಿಗೆ ಗಾಯವಾಗಿ ಮನೆಗೆ ಬಂದ ದಿನವೇ ಅಡುಗೆಮನೆಯ ಗೋಡೆಗೆ ಒರಗಿ ನಿಂತು ಹೇಳಿದ. ನಿನಗೂ ಫೋನಿನಲ್ಲಿ ಹೇಳಿದ್ದನಂತೆ. ಹಾವೂ ಇಲ್ಲ ಗೀವೂ ಇಲ್ಲ, ಬಾಯಿ ಮುಚ್ಚಿಕೊಂಡಿರು ಎಂದೆಯಂತೆ. ಸೋದರಮಾವ ಆಡುವ ಮಾತೇ ಇದು?

ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ನಿನಗೆ ಆರ್ಥರ್ ರಾಜನ ಕಥೆಯೇ ಬೇಕಿತ್ತು. ಕಲ್ಲಿನಿಂದ ಕತ್ತಿ ಕಿತ್ತದ್ದನ್ನು ನೆನಪಿಟ್ಟುಕೊಂಡೆ, ಕೊನೆಯನ್ನು ಮರೆತೆ. ಒಂದು ಕಡೆ ರಾಜ, ಎದುರಿಗೆ ಅವನದೇ ಮಗ. ಸಂಧಿಗೆ ಇಬ್ಬರೂ ಒಪ್ಪಿದ್ದರು. ಆದರೆ ಆ ಕಡೆ ಒಂದು ಕತ್ತಿ ಹೊರಬಂದರೂ ಮೇಲೆ ಬೀಳಿ ಎಂದು ಇಬ್ಬರೂ ತಂತಮ್ಮ ಸೈನ್ಯಕ್ಕೆ ಹೇಳಿಬಂದಿದ್ದರು. ಯಾರೋ ಒಬ್ಬ ಹಾವು ಹೊಡೆಯಲು ಕತ್ತಿ ಎಳೆದ. ಅಷ್ಟೇ. ಸಂಜೆಯ ಹೊತ್ತಿಗೆ ಮೈದಾನದ ತುಂಬ ಹೆಣ.

ಆ ರಾಜನ ಹಾಗೆ ನೀವೂ ದುಂಡು ಮೇಜು ಹಾಕಿಸಿದ್ದಿರಿ, ಟಿವಿಯಲ್ಲಿ ನೋಡಿದೆ. ಹೂದಾನಿ, ನೀರಿನ ಬಾಟಲಿ, ನಗುಮುಖ. ಮೇಜು ದುಂಡಗಿದ್ದರೆ ಸಾಕೇ? ಒಂದು ಗುಂಡಿನ ಸದ್ದು ಕೇಳಿದರೂ ಕಾಯಬೇಡಿ ಎಂದು ಆದೇಶ ಕೊಟ್ಟವನು ನೀನು. ಆ ಕಡೆಯ ಮಹಾಶಯನೂ ಅದನ್ನೇ ಕೊಟ್ಟಿದ್ದ. ಆ ರಾಜ ಸುಳ್ಳು ಹೇಳಲು ಉಳಿಯಲಿಲ್ಲ, ನೀನು ಉಳಿದಿದ್ದೀಯ. ಹನ್ನೊಂದು ದಿನದಿಂದ ಎರಡೂ ಕಡೆ ಮಕ್ಕಳು ಸಾಯುತ್ತಿದ್ದಾರೆ. ಹಿಂದಿನ ಯುದ್ಧ ಶುರುವಾದದ್ದು ಕುರಿ ಕಾಯುವವನೊಬ್ಬನನ್ನು ಗೂಢಚಾರ ಎಂದು ಕರೆದು. ನಾನು ಮರೆತಿಲ್ಲ. ಮೂವತ್ತು ವರ್ಷವಾದ ಮೇಲೆ ಸರ್ಕಾರದ ಒಂದು ಸಾಲಿನ ವಿಷಾದ ಅಚ್ಚಾಯಿತು, ಪತ್ರಿಕೆಯ ಒಳಪುಟದಲ್ಲಿ, ಟೈರಿನ ಜಾಹೀರಾತಿನ ಪಕ್ಕ.

ನಾಳೆ ಮತ್ತೆ ಕೂರುತ್ತೀರಂತೆ. ಆ ಕಡೆಯವರು ಕೇಳುತ್ತಿರುವುದು ಒಂದೇ: ಮೊದಲ ಗುಂಡು ಏಕೆ ಹಾರಿತು? ಹೇಳು. ಹಾವಿಗೆ ಎಂದು ಹೇಳು. ನಗುತ್ತಾರೆ, ನಗಲಿ. ನಿನ್ನ ಭುಜದ ಮೇಲಿನ ನಕ್ಷತ್ರಗಳು ಹೋಗುತ್ತವೆ, ಹೋಗಲಿ. ಪದಕದ ಕಾಗದವನ್ನು ಇದರೊಳಗೇ ಇಟ್ಟಿದ್ದೇನೆ. ಸತ್ಯ ಹೇಳುವವರೆಗೆ ನನ್ನನ್ನು ಅಕ್ಕ ಎನ್ನಬೇಡ.

ಇತಿ,
ನಿನ್ನ ತಾಯಿಯ ಮಗಳು

ಇನ್ನೊಂದು ಮಾತು: ಈ ಪತ್ರ ತರುತ್ತಿರುವವನು ನನ್ನ ಮಗನೇ. ನಿನ್ನ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾನೆ. ಮಾವ ಹೇಳದಿದ್ದರೆ ಪತ್ರಿಕೆಯವರ ಮುಂದೆ ತಾನೇ ಹೇಳುತ್ತಾನಂತೆ. ಇಷ್ಟೆಲ್ಲ ಬರೆದ ನಾನು ಆಗಲೇ ಬಾಗಿಲಿಗೆ ಅಡ್ಡ ನಿಂತಿದ್ದೆ. ಮಗಾ, ನಿನ್ನನ್ನೇ ಹಿಡಿದು ಒಳಗೆ ಹಾಕುತ್ತಾರೆ, ಪದಕ ಇಟ್ಟುಕೊಂಡು ಸುಮ್ಮನಿರೋ ಎಂದು ಕೈಮುಗಿದೆ. ಅವನು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಈಗ ಒಂದೇ ಕೈಯಲ್ಲಿ ಶೂ ದಾರ ಕಟ್ಟಿಕೊಳ್ಳುತ್ತಿದ್ದಾನೆ, ನನಗೆ ಮುಟ್ಟಲೂ ಬಿಡುತ್ತಿಲ್ಲ. ಬೇಗ ಬರೆದು ಮುಗಿಸಮ್ಮ, ಬಸ್ಸು ತಪ್ಪುತ್ತೆ ಅನ್ನುತ್ತಿದ್ದಾನೆ.