ಕಟೌಟಿನ ಮೂಗು

ನಂಜನಗೂಡು,
ಬುಧವಾರ, 20 ನವೆಂಬರ್ 2024

ನರಸೀಪುರದಲ್ಲಿ ಅಕ್ಕನ ಮನೆ ಸೇರಿ ಮುನಿಸಿಕೊಂಡು ಕುಳಿತಿರುವ ನಮ್ಮ ಮನೆಯವರಿಗೆ, ಕೋಮಲಳ ನಮಸ್ಕಾರ.

ಹೇಗಿದ್ದೀರಿ? ಇಂದ್ರಾಣಿ ಅತ್ತಿಗೆ ಸಾರಿಗೆ ಖಾರ ಜಾಸ್ತಿ ಹಾಕುತ್ತಾರೆ. ಎದೆಯುರಿ ಬಂದರೆ ಮಜ್ಜಿಗೆ ಕೇಳಿ ಕುಡಿಯಿರಿ, ಸಂಕೋಚ ಬೇಡ. ತಾಂಡ್ಯದ ಫ್ಯಾಕ್ಟರಿಗೆ ಅಲ್ಲಿಂದಲೇ ಬಸ್ಸು ಬದಲಿಸಿಕೊಂಡು ಹೋಗುತ್ತಿದ್ದೀರಂತೆ. ಕೋಪ ಎಷ್ಟಾದರೂ ಇರಲಿ, ಶಿಫ್ಟು ತಪ್ಪಿಸಬೇಡಿ. ನಿಮ್ಮ ಅಮ್ಮ ಚೆನ್ನಾಗಿದ್ದಾರೆ, ಅವರ ಮಂಡಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದೇನೆ. ನೀವು ನನ್ನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ಮದುವೆಯಾದ ಮೇಲೆ ಮೊದಲ ಸಲ ನಿಮಗೆ ಪತ್ರ ಬರೆಯುತ್ತಿದ್ದೇನೆ. ಪಕ್ಕದ ಮನೆ ಕಾಂತರಾಜು ನಾಳೆ ಆ ಕಡೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ನಡುವೆ ಇನ್ನೊಂದು ಮಾತು: ಕ್ಷಮೆ ಕೇಳುವ ವಿಡಿಯೋ ನಾನು ಮಾಡುವುದಿಲ್ಲ.

ಆವತ್ತಿನದನ್ನು ಒಂದು ಸಲ ನೀವೇ ನೆನೆಸಿಕೊಳ್ಳಿ. ಹೊಸ ಸಿನಿಮಾದ ಪೋಸ್ಟರಿನಲ್ಲಿ ನಿಮ್ಮ ನೆಚ್ಚಿನ ನಟ ಧಣಿಯವರ ಥರದ ಕಪ್ಪು ಕನ್ನಡಕವನ್ನೂ ಹೆಗಲ ಮೇಲಿನ ಕೆಂಪು ಶಾಲನ್ನೂ ಕಂಡಿದ್ದೇ ತಡ, ನಮ್ಮ ಧಣಿ ಅತಿಥಿ ಪಾತ್ರ ಮಾಡಿದ್ದಾರೆ ಎಂದು ಅಭಿಮಾನಿ ಸಂಘದ ಗ್ರೂಪಿಗೆ ಹಾಕಿದವರು ಯಾರು? ಅಧ್ಯಕ್ಷರಾದ ನೀವೇ. ಶುಕ್ರವಾರ ಬೆಳಿಗ್ಗೆ ಹುಡುಗರನ್ನೆಲ್ಲ ಕರೆದುಕೊಂಡು ಹೋಗಿ, ಟಾಕೀಸಿನ ಮುಂದೆ ಏಣಿ ಹತ್ತಿ, ಕ್ಯಾನುಗಟ್ಟಲೆ ಹಾಲನ್ನು ಕಟೌಟಿನ ತಲೆಯ ಮೇಲೆ ಸುರಿದಿರಿ. ನಾನು ಕೆಳಗೆ ನಿಂತು "ರೀ, ಮೂಗು ಅವರ್ದಲ್ಲ ಕಣ್ರೀ" ಎಂದೆ. ನೀವು "ನಿಂಗೇನ್ ಗೊತ್ತು, ಸುಮ್ನಿರು" ಎಂದಿರಿ. ಒಳಗೆ ಹೋಗಿ ಪರದೆಯ ಮೇಲೆ ಆ ಮುಖ ಬಂದಾಗಲೇ ನಿಮಗೆ ತಿಳಿದದ್ದು, ಅದು ಧಣಿಯಂತೆ ವೇಷ ಹಾಕಿದ ಹಾಸ್ಯನಟ, ಇಡೀ ಸಿನಿಮಾವೇ ಧಣಿಯಂಥ ಹೀರೋಗಳ ಅಣಕ ಎಂದು. ಸಂಘದವರೆಲ್ಲ ಎದ್ದು ಹೊರಟಿರಿ. ಬಾಲ್ಕನಿಯಲ್ಲಿದ್ದ ನಮ್ಮ ಕಡೆ ತಿರುಗಿ ನಡಿ ಎಂದು ಕೈ ಮಾಡಿದಿರಿ. ನಾನು ಏಳಲಿಲ್ಲ. ಅತ್ತೆಯೂ ಏಳಲಿಲ್ಲ.

ಏಳದಿದ್ದದ್ದೇ ಒಳ್ಳೆಯದಾಯಿತು. ಎಂಥ ಸಿನಿಮಾ! ಹೀರೋ ಬರುವಾಗ ಮೊದಲು ಬೂಟು, ಆಮೇಲೆ ಬೆಲ್ಟು, ಆಮೇಲೆ ವಾಚು, ಆಮೇಲೆ ಮತ್ತೆ ಬೂಟು ತೋರಿಸುತ್ತಾರೆ. ಕಾದು ಸಾಕಾದ ವಿಲನ್ ಟೀ ತರಿಸಿಕೊಂಡು ಕುಡಿಯುತ್ತಾನೆ. ಒಂದೇ ಏಟಿಗೆ ಹಾರಿಹೋದ ರೌಡಿ ಓಡುವ ಬಸ್ಸಿನೊಳಗೆ ಬಿದ್ದರೆ ಕಂಡಕ್ಟರ್ ಟಿಕೆಟ್ ಕೇಳುತ್ತಾನೆ. ಹೀರೋನ ತಾಯಿ ಮೊದಲಿಂದಲೂ ಕೆಮ್ಮುತ್ತಲೇ ಇರುತ್ತಾಳೆ. ಮಗ ಅವಳ ತಲೆಯ ಮೇಲೆ ಕೈಯಿಟ್ಟು, ಊರನ್ನೇ ಸುಟ್ಟುಬಿಡುತ್ತೇನೆ ಎಂದು ಆಣೆ ಮಾಡುತ್ತಾನೆ. ಅವಳು, ಊರನ್ನು ಆಮೇಲೆ ಸುಡು, ಮೊದಲು ಒಂದು ಲೋಟ ನೀರು ಕಾಯಿಸಿ ಕೊಡು ಎನ್ನುತ್ತಾಳೆ. ಅಲ್ಲಿ ಅತ್ತೆ ನಕ್ಕ ನಗುವಿಗೆ ಹಲ್ಲಿನ ಸೆಟ್ಟು ಕೈಗೆ ಬಂತು. "ನನ್ ಮಗ್ನೂ ಇಂಗೇ ಕಣವ್ವ" ಎಂದು ನನ್ನ ತೊಡೆಗೆ ಹೊಡೆದರು. ಮಾವ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹಿಂದಿನ ಸೀಟಿನವರು ಯಾರೋ ನಮ್ಮ ನಗುವನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು, ಅಧ್ಯಕ್ಷರ ಹೆಂಡತಿಯೇ ಧಣಿಯನ್ನು ಆಡಿಕೊಂಡಳು ಎಂದು ಸಂಘ ಕೂಗಾಡಿತು, ನೀವು ಬಟ್ಟೆ ತುಂಬಿಕೊಂಡಿರಿ. "ವಿಡಿಯೋದಲ್ಲಿ ಕೈ ಮುಗ್ದು ಕ್ಷಮೆ ಕೇಳೋಗಂಟ ನಾನೀ ಮನೆ ಹೊಸ್ಲು ತುಳ್ಯಲ್ಲ" ಎಂದಿರಿ.

ಯಾಕೆ ಕೇಳಬೇಕು? ಧಣಿ ನನಗೂ ಇಷ್ಟ. ಅವರ ಹಾಡು ಬಂದರೆ ಒಲೆಯ ಮುಂದೆ ನಾನೂ ಕುಣಿಯುತ್ತೇನೆ. ಇಷ್ಟಪಟ್ಟವರನ್ನು ನೋಡಿ ನಗಬಾರದು ಎಂಬ ಕಾನೂನು ಎಲ್ಲಿದೆ? ಪೂಜೆ ಪುನಸ್ಕಾರ ಯಾವುದೂ ಬೇಡ ಎಂದು, ಬುದ್ಧನ ಫೋಟೊ ಮುಂದೆ ದೀಪ ಹಚ್ಚಿ ನನ್ನ ಕೈ ಹಿಡಿದವರು ನೀವು. ನನ್ನ ತವರಿನವರು ಅರಿಶಿನದ ನೀರು ಹಾಕಲು ಬಂದಾಗ ಅವರಿಗೆ ಅರ್ಧ ಗಂಟೆ ಭಾಷಣ ಮಾಡಿದಿರಿ. ಆವತ್ತು ನಿಮ್ಮ ಮೇಲೆ ನನಗೆ ಎಷ್ಟು ಹೆಮ್ಮೆಯಾಗಿತ್ತು! ಅಂಥವರು ಪ್ಲೈವುಡ್ಡಿಗೆ ಹಾಲಿನ ಅಭಿಷೇಕ ಮಾಡಬಹುದು, ನಾನು ಮಾತ್ರ ನಗಬಾರದೇ? ನಿಜ ಹೇಳಲೇ, ನನಗೆ ಸಿಟ್ಟು ಬಂದಿರುವುದು ಹಾಲಿಗೂ ಅಲ್ಲ. ಪ್ರತಿ ಸಿನಿಮಾಕ್ಕೂ ಹುಡುಗರನ್ನು ಕಟ್ಟಿಕೊಂಡು ಹೋಗುತ್ತಿದ್ದವರು ಇದೊಂದು ಸಲ ನನ್ನನ್ನು ಕರೆದಿರಿ. ಹೊಸ ಸೀರೆ ಉಟ್ಟು ಬಂದೆ. ನನ್ನನ್ನು ಅತ್ತೆಯ ಜೊತೆ ಮೇಲೆ ಕೂರಿಸಿ ನೀವು ಕೆಳಗೆ ಹುಡುಗರ ಜೊತೆ ಕುಳಿತಿರಿ. ಪಕ್ಕದಲ್ಲಿ ಕುಳಿತು ನೀವೂ ನಗಬೇಕಿತ್ತು ಎಂದು ಸಿನಿಮಾ ಮುಗಿಯುವ ತನಕ ಅನ್ನಿಸುತ್ತಿತ್ತು. ನೀವು ಬರದೆ ಮನೆ ಬಿಕೋ ಎನ್ನುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ವಿಡಿಯೋ ಮಾತ್ರ ಇಲ್ಲ.

ಅತ್ತಿಗೆಗೂ ಮಕ್ಕಳಿಗೂ ನಾನು ಕೇಳಿದೆನೆಂದು ಹೇಳಿ. ಅತ್ತೆ ನಿಮಗೆ ಆಶೀರ್ವಾದವನ್ನೂ ಬೈಗುಳವನ್ನೂ ಹೇಳಿದ್ದಾರೆ. ಆಶೀರ್ವಾದವನ್ನು ಮಾತ್ರ ಬರೆದಿದ್ದೇನೆ.

ಇನ್ನೂ ನಗುತ್ತಿರುವ,
ನಿಮ್ಮ ಕೋಮಲ

ಮತ್ತೆ ಬರೆಯುತ್ತಿದ್ದೇನೆ: ಕಾಗದ ಮಡಚುವಷ್ಟರಲ್ಲಿ ಅತ್ತಿಗೆಯ ಫೋನು ಬಂತು. ನಿನ್ನೆ ಮುಖಕ್ಕೆ ಟವೆಲ್ ಸುತ್ತಿಕೊಂಡು ನೀವೊಬ್ಬರೇ ಅದೇ ಸಿನಿಮಾಕ್ಕೆ ಹೋಗಿದ್ದಿರಂತೆ. ಊಟಕ್ಕೆ ಕುಳಿತಾಗ ಏನೋ ನೆನೆಸಿಕೊಂಡು ನಕ್ಕು ಅನ್ನ ನೆತ್ತಿಗೇರಿತಂತೆ. ನಕ್ಕಿದ್ದಕ್ಕೆ ನೀವು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ನನ್ನನ್ನು ಬಿಟ್ಟು ಹೋಗಿ ನಕ್ಕಿದ್ದಕ್ಕೆ ಕೇಳಬೇಕು. ವಿಡಿಯೋ ಬೇಡ, ಮನೆಗೆ ಬಂದು ಕೇಳಿ.